ಎಷ್ಟು ದಿನದಿಂದ ನೋವು?

ನಮ್ಮ ಕಡೆಯವರಿಗೆ ನಿನ್ನೆ ಬಂದ ನೋವನ್ನು ನಿನ್ನೆ ಬಂತು ಅಂತ ಹೇಳಲು ನಾಚಿಕೆ. ಗುಂಡ್ಲುಪೇಟೆಯ ಈ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತು ‘ಎಷ್ಟು ದಿನದಿಂದ ನೋವು?’ ಎಂದು ಕೇಳಿ ಕೇಳಿ ನನಗೆ ಪ್ರಶ್ನೆಯೂ ಬಾಯಿಪಾಠ, ಅವರ ಉತ್ತರವೂ ಬಾಯಿಪಾಠ. ‘ಅಯ್ಯೋ, ಆ ಕಾಲದಿಂದ ಕಣವ್ವ.’ ಬೆಳಿಗ್ಗೆ ಚೇಳು ಕಡಿಸಿಕೊಂಡು ಬಂದವರೂ ಹೀಗೇ ಶುರುಮಾಡುತ್ತಾರೆ. ನಿನ್ನೆಯಿಂದ ಅಂದರೆ ಡಾಕ್ಟರು ಒಂದು ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ, ಹಳೆಯದು ಅಂದರೆ ಕೂರಿಸಿಕೊಂಡು ನೋಡುತ್ತಾರೆ ಎಂಬ ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ಸಣ್ಣದಕ್ಕೆಲ್ಲ ಆಸ್ಪತ್ರೆಗೆ ಓಡಿ ಬಂದಳು ಅಂತ ಯಾರೂ ಆಡಿಕೊಳ್ಳಬಾರದು. ನಾನೂ ಇದೇ ಸೀಮೆಯ ಹರವೆಯವಳೇ. ನಮ್ಮವ್ವನೂ ಹೀಗೇ ಹೇಳುವುದು. ಹಾಗಾಗಿ ತಲೆ ಕೆಡಿಸಿಕೊಳ್ಳದೆ ಕಂಪ್ಯೂಟರಿನಲ್ಲಿ ‘ಬಹಳ ವರ್ಷಗಳಿಂದ’ ಎಂದು ಹೊಡೆದು ಮುಂದಿನ ಖಾನೆಗೆ ಹೋಗುತ್ತೇನೆ. ಒಳಗೆ ಡಾಕ್ಟರು ವಿಚಾರಿಸಿ ಸರಿಮಾಡಿಕೊಳ್ಳುತ್ತಾರೆ.

ಭೀಮನಬೀಡಿನ ರಾಚಮ್ಮ ಬಂದ ದಿನವೂ ಅದನ್ನೇ ಹೊಡೆದೆ. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ತಂದಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಎಡಗಾಲಿಗೆ ಟವೆಲು ಸುತ್ತಿತ್ತು, ಅದರ ಕೆಳಗೆ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಜೊತೆಗೆ ಗಂಡ ಲಿಂಗಯ್ಯ, ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗ ಮಾದೇಶ್, ಸೊಸೆ ಭವ್ಯ. ಭವ್ಯ ಇಲ್ಲೇ ಗುಂಡ್ಲುಪೇಟೆಯ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಯುಗಾದಿ ಹೊತ್ತಿಗೆ ತನ್ನ ಸಂಬಳದಲ್ಲೇ ಮನೆಯವರೆಲ್ಲರ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಿದ್ದಳಂತೆ. ಕಾರ್ಡನ್ನು ನೀಟಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದಳು.

“ಏನಾಯ್ತಮ್ಮ?” ಅಂದೆ.

“ಏನೂ ಆಗ್ನಿಲ್ಲ ಕಣ್ ಕೂಸು. ಮಂಡಿ ಮೊದ್ಲಿಂದ್ಲೂ ನೋಯ್ತಿತ್ತು. ನೆನ್ನೆ ಕುಂತಿದ್ದೋಳು ಎದ್ದೆ, ಲಟಕ್ ಅಂತು.”

“ಎಷ್ಟು ದಿನದಿಂದ ನೋವು?”

ರಾಚಮ್ಮ ಮಗನ ಕಡೆ ಕೈ ತೋರಿಸಿದರು. “ಇವ್ನು ಉಟ್ದಾಗಿಂದ.”

“ಅಲ್ಲ ಕಣವ್ವ, ಒಂದಿನಾನೂ ಏಳ್ನಿಲ್ವಲ್ಲ ನೀನು?” ಅಂದ ಮಾದೇಶ್. “ಮೊನ್ನೆ ಶ್ರಾವಣದಲ್ಲಿ ನಮ್ಗಿಂತ ಮುಂದಾಗಿ ಬೆಟ್ಟ ಅತ್ಬುಟ್ಟೆ!”

“ದೇವ್ರು ಅತ್ತುಸ್ತು, ಅತ್ದೆ” ಅಂದರು ರಾಚಮ್ಮ.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಹಿಂದೆ ಸಾಲು ನಿಂತಿತ್ತು, ಪ್ರಿಂಟರು ಹಾಳೆ ಕಚ್ಚಿಕೊಂಡು ಕೂತಿತ್ತು, ಯಾರದೋ ಮಗು ಕೌಂಟರಿನ ಗಾಜನ್ನು ನೆಕ್ಕುತ್ತಿತ್ತು. ನಾನು ಒತ್ತಬೇಕಾದ್ದನ್ನು ಒತ್ತಿದೆ.

ಎಕ್ಸ್-ರೇ ಬಂತು. ಮಂಡಿಯ ಚಿಪ್ಪು ಎರಡು ಹೋಳಾಗಿತ್ತು. ನಮ್ಮ ಮೂಳೆ ಡಾಕ್ಟರು ಸುಧಾಕರ್ ವಾರಕ್ಕೊಂದು ಸಲ ಇಲ್ಲಿಗೆ ಬರುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಚಾಮರಾಜನಗರದ ಇನ್ನೊಂದು ಆಸ್ಪತ್ರೆಗೆ ಹೊರಟುಬಿಡುತ್ತಾರೆ. ಅವರು ಲಿಂಗಯ್ಯನವರನ್ನು ಕರೆದು ಬಿಡಿಸಿ ಹೇಳಿದರು. ಚಿಪ್ಪನ್ನು ತಂತಿ ಹಾಕಿ ಕೂಡಿಸಬೇಕು, ಇವತ್ತೇ ಮಾಡಿದರೆ ಒಳ್ಳೆಯದು, ತಡವಾದಷ್ಟೂ ಹೋಳುಗಳು ದೂರ ಸರಿಯುತ್ತವೆ, ಆಮೇಲೆ ಕಾಲು ನೆಟ್ಟಗೆ ಚಾಚಲು ಬರದೇ ಹೋಗಬಹುದು. ಹೊಟ್ಟೆಗೆ ಏನೂ ಕೊಡಬೇಡಿ ಎಂದು ಹೇಳಿ ಮುಂದಿನ ರೋಗಿಯ ಕಡೆ ತಿರುಗಿದರು. ನಾನು ವಿಮೆ ಕಂಪನಿಗೆ ಕಾಗದಗಳನ್ನೆಲ್ಲ ಮೈಲ್ ಮಾಡಿದೆ. ಅವರು ಒಪ್ಪಿಗೆ ಕೊಟ್ಟರೆ ಮನೆಯವರು ಕೈಯಿಂದ ಏನೂ ಕಟ್ಟುವಂತಿಲ್ಲ, ಕಂಪನಿಯೇ ನಮಗೆ ಕೊಡುತ್ತದೆ. ಇಲ್ಲವಾದರೆ ಆಪರೇಷನ್ನೇ ಇಲ್ಲ, ಏಕೆಂದರೆ ಲಿಂಗಯ್ಯ ಆಗಲೇ ಬಾಗಿಲ ಹತ್ತಿರ ನಿಂತು ಬೇರೆ ದಾರಿ ಹುಡುಕುತ್ತಿದ್ದರು.

“ಲೋ ಮಾದೇಶ, ಕುದೇರ್ ತಾವ ಒಬ್ರು ಮೂಳೆ ಕಟ್ತರೆ ಕಣ್ಲಾ. ನಮ್ ದೊಡ್ಡಮಲ್ಲಪ್ಪುನ್ ಕೈ ಅವ್ರೇ ಸರಿ ಮಾಡಿದ್ದು. ಇದ್ಯಾವ್ದೂ ಆಗ್ನಿಲ್ಲ ಅಂದ್ರೆ ಅಲ್ಲಿಗೇ ಓಗನ.”

ಕೈ ಮೂಳೆ ಬೇರೆ, ಮಂಡಿ ಚಿಪ್ಪು ಬೇರೆ ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಮಾತು ಬೆಳೆಯುತ್ತದೆ ಎಂದು ಸುಮ್ಮನಾದೆ. ಸುಮ್ಮನಿರುವುದು ನನ್ನ ಸ್ವಭಾವವಲ್ಲ.

ಅಷ್ಟರಲ್ಲಿ ಕಂಪನಿಯ ಉತ್ತರ ಬಂತು. ಒಪ್ಪಿಗೆಯಲ್ಲ, ಪ್ರಶ್ನೆ. ರೋಗಿಯೇ ಹೇಳಿಕೆ ಕೊಟ್ಟಂತೆ ಮಂಡಿಯ ತೊಂದರೆ ಬಹಳ ವರ್ಷಗಳದ್ದು. ವಿಮೆ ಆಗಿರುವುದು ಈ ಯುಗಾದಿಯಲ್ಲಿ. ಹಳೆಯ ಕಾಯಿಲೆಗಳಿಗೆ ಇನ್ನೂ ಕಾಯುವ ಅವಧಿ ಮುಗಿದಿಲ್ಲ. ಆದ್ದರಿಂದ ಮೂಳೆ ಯಾವಾಗ, ಯಾವ ಕಾರಣದಿಂದ ಮುರಿಯಿತು ಎಂದು ಡಾಕ್ಟರು ಬರೆದುಕೊಡಲಿ, ಇಲ್ಲವಾದರೆ ಮಂಜೂರಾಗುವುದಿಲ್ಲ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ‘ಬಹಳ ವರ್ಷಗಳಿಂದ’ ಎಂಬ ಆ ಎರಡು ಪದ ನನ್ನ ಬೆರಳಿನದು. ಗಡಿಯಾರ ನೋಡಿದೆ, ಸುಧಾಕರ್ ಅವರ ಕಾರಿನ ಡ್ರೈವರು ಆಗಲೇ ಕಾರು ಒರೆಸುತ್ತಿದ್ದ.

ವಾರ್ಡಿಗೆ ಓಡಿದೆ. ರಾಚಮ್ಮ ಮಂಚದ ಮೇಲೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೋವು ಹಳೆಯದಾದರೆ ವಿಮೆ ಬರುವುದಿಲ್ಲ, ಬಿದ್ದು ಪೆಟ್ಟಾಗಿದ್ದರೆ ಬರುತ್ತದೆ. ನಿಜವಾಗಿ ಏನಾಯಿತು?

“ಏಳಿದ್ನಲ್ಲ ಕೂಸು. ಕುಂತಿದ್ದೋಳು ಎದ್ದೆ.”

“ಅಮ್ಮ, ಕೂತು ಎದ್ದರೆ ಚಿಪ್ಪು ಹೋಳಾಗಲ್ಲ.”

“ನಂದಾಯ್ತು, ನಾನೇನ್ ಮಾಡ್ಲಿ?”

ಮಾದೇಶ್ ಕಿಟಕಿಯ ಹತ್ತಿರದಿಂದ ಬಂದು ಭವ್ಯಳ ಕಡೆ ಕೈ ತೋರಿಸಿದ. “ಮೇಡಂ, ನಂಗೂ ಯಾಕೋ ಸರಿ ಕಾಣ್ತಿಲ್ಲ. ಇವ್ಳ ಸ್ಕೂಟಿ ಕನ್ನಡಿ ಮುರ್ದದೆ. ಎಂಗೆ ಅಂದ್ರೆ ಎಮ್ಮೆ ಗುದ್ತು ಅಂತಳೆ. ಕೀ ಎಲ್ಲದೆ ಅಂದ್ರೆ ಗೊತ್ತಿಲ್ಲ ಅಂತಳೆ. ಓದ್ ವರ್ಷ ಬಸ್‌ಸ್ಟ್ಯಾಂಡ್ ತಾವ ಮಳೇಲಿ ಜಾರಿ ಬಿದ್ದಿದ್ಲು. ಆವತ್ತೇ ಏಳಿದ್ದೆ, ಇನ್ನೊಂದ್ಸಲ ಬಿದ್ರೆ ಗಾಡಿ ಮಾರ್ಬುಡ್ತೀನಿ ಅಂತ. ನಮ್ ಪುಟ್ಟಮಾದು ತಗತೀನಿ ಅಂತ ಕಾಯ್ತಾವ್ನೆ.”

“ಗಾಡಿ ಸುದ್ದಿ ಯಾಕ್ಲಾ ಈಗ?” ಎಂದು ರಾಚಮ್ಮ ರೇಗಿದರು. “ನನ್ ಕಾಲ್ಗೂ ಗಾಡಿಗೂ ಏನ್ ಸಂಬಂಧ?”

ನಾನು ಹೊರಗೆ ಬಂದಾಗ ಭವ್ಯ ಹಿಂದೆಯೇ ಬಂದಳು. ನೀರಿನ ಫಿಲ್ಟರಿನ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಮೇಡಂ, ನಾನೇ ಬೀಳಿಸ್ಬುಟ್ಟೆ. ನೆನ್ನೆ ಸಂಜೆ, ನಮ್ ಕಣದಲ್ಲಿ. ಅತ್ತೆ ಹಿಂದೆ ಕೂತಿದ್ರು. ಇವ್ರಿಗೆ ಗೊತ್ತಾದ್ರೆ ಗಾಡಿ ಮಾರ್ತಾರೆ. ನಮ್ಮೂರ್ ಬಸ್ಸಿನ ಟೈಮಿಗೂ ನನ್ ಡ್ಯೂಟಿಗೂ ಆಗಲ್ಲ, ಗಾಡಿ ಹೋದ್ರೆ ಕೆಲ್ಸಾನೂ ಹೋಯ್ತು. ಅದುಕ್ಕೇ ಅತ್ತೆ ಹಂಗ್ ಹೇಳ್ತಾವ್ರೆ.”

ನನಗೆ ಸಿಟ್ಟು ನೆತ್ತಿಗೇರಿತು. “ನಿಮಗೆ ಗಾಡಿ ಹೆಚ್ಚೋ, ಅತ್ತೆ ಕಾಲು ಹೆಚ್ಚೋ?”

“ಕಾಲು ಹೆಚ್ಚು ಅಂತಾನೇ ಅಲ್ವಾ ಮೇಡಂ ಈಗ ನಿಮ್ ಹತ್ರ ಹೇಳ್ತಿರೋದು?” ಅಂದಳು. ಕಣ್ಣಲ್ಲಿ ನೀರು ತುಂಬಿತ್ತು, ಮಾತು ಮಾತ್ರ ಖಡಕ್ಕಾಗಿತ್ತು. “ನೀವು ಬರ್ದು ಕಳ್ಸಿ. ಒಳ್ಗಡೆ ಗಂಡಸ್ರಿಗೆ ಮಾತ್ರ ಹೇಳ್ಬೇಡಿ. ಇವತ್ತೊಂದಿನ.”

ಬೈಯಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಗುಂಡ್ಲುಪೇಟೆಯಲ್ಲಿ ರೂಮು ಮಾಡಿಕೊಂಡಿರಲು ನಾನು ನಮ್ಮಪ್ಪನ ಹತ್ತಿರ ಎಷ್ಟು ಜಗಳ ಆಡಿದ್ದೆ ಎಂಬುದು ನನಗೇ ಗೊತ್ತು. ಸುಧಾಕರ್ ಅವರ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ನೇರ ಮನುಷ್ಯ. ಡ್ರೆಸ್ಸಿಂಗ್ ಮಾಡಬೇಕು ಎಂದು ಲಿಂಗಯ್ಯನವರನ್ನೂ ಮಾದೇಶನನ್ನೂ ಹೊರಗೆ ಕಳಿಸಿ, ತಾವೇ ರಾಚಮ್ಮನನ್ನು ಕೇಳಿದರು.

“ಗಾಡಿಯಿಂದ ಬಿದ್ದಿದ್ದೇನಮ್ಮ?”

ರಾಚಮ್ಮ ಸೊಸೆಯ ಮುಖ ನೋಡಿದರು. ಸೊಸೆ ತಲೆಯಾಡಿಸಿದಳು. “ಊ” ಅಂದರು ರಾಚಮ್ಮ, ಗೋಡೆಯ ಕಡೆ ತಿರುಗಿಕೊಂಡು.

“ರಸ್ತೆಯಲ್ಲೋ?”

“ಇಲ್ಲ ಬುದ್ಧಿ. ನಮ್ ಕಣದಲ್ಲೇಯ.”

ನನಗೆ ಅರ್ಧ ಜೀವ ಬಂತು. ರಸ್ತೆಯಲ್ಲಾದರೆ ಪೊಲೀಸರಿಗೆ ತಿಳಿಸಬೇಕು, ಅವರ ಚೀಟಿ ಬರಬೇಕು, ಅಷ್ಟರಲ್ಲಿ ಡಾಕ್ಟರು ಚಾಮರಾಜನಗರದಲ್ಲಿರುತ್ತಾರೆ. ಸುಧಾಕರ್ ನಿಂತಲ್ಲೇ ಬರೆದರು. ನಿನ್ನೆ ಸಂಜೆ ಸ್ವಂತ ಕಣದಲ್ಲಿ ಸ್ಕೂಟರಿನಿಂದ ಬಿದ್ದು ಆದ ಹೊಸ ಮುರಿತ, ಎಕ್ಸ್-ರೇಯಲ್ಲಿ ಹಳೆಯ ಕಾಯಿಲೆಯ ಗುರುತಿಲ್ಲ. ಓಡಿಸುತ್ತಿದ್ದವರು ಯಾರು ಎಂದು ಅವರು ಕೇಳಲಿಲ್ಲ, ಬರೆಯಲೂ ಇಲ್ಲ. ಕೌಂಟರಿನಲ್ಲಿ ನನಗೆ ಹಾಗೆ ಹೇಳಿಕೆ ಕೊಟ್ಟದ್ದು ತಪ್ಪು ಎಂದು ಬರೆದ ಕಾಗದಕ್ಕೆ ರಾಚಮ್ಮ ಹೆಬ್ಬೆಟ್ಟು ಒತ್ತಿದರು.

“ಅದನ್ನ ವಿಚಾರಿಸದೆ ಹೊಡೆದವಳು ನಾನೇ ಅಮ್ಮ” ಅಂದೆ.

“ನಾ ಏಳ್ದೆ, ನೀ ಬರ್ದೆ. ನಿಂದೇನ್ ತಪ್ಪು ಕೂಸು?” ಅಂದರು. ಶಾಯಿಯ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಸೆರಗಿನ ತುದಿ ಹಿಡಿದುಕೊಂಡರು.

ಮೈಲ್ ಹೋಯಿತು. ಆಮೇಲಿನ ಹೊತ್ತು ನನ್ನಿಂದ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮೈಲ್ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಕಂಪನಿಗೆ ಫೋನು ಮಾಡಿದರೆ ಸಂಗೀತ ಕೇಳಿಸಿ ಕಟ್ ಮಾಡುತ್ತಿದ್ದರು. ಜ್ವರದವರೊಬ್ಬರಿಗೆ ಬೇರೆಯವರ ರಸೀದಿ ಕೊಟ್ಟು ಬೈಸಿಕೊಂಡೆ. ಹೊರಗೆ ಲಿಂಗಯ್ಯ ಗೇಟಿನವರೆಗೆ ಹೋಗಿ ಬರುತ್ತಿದ್ದರು, ಪ್ರತಿ ಸಲವೂ ಗೂಡ್ಸ್ ಆಟೋದವನ ಹತ್ತಿರ ನಿಂತು ಏನೋ ಹೇಳುತ್ತಿದ್ದರು. ಅವನು ಹಾಸಿಗೆ ಮಡಚಿರಲಿಲ್ಲ. ಒಳಗೆ ರಾಚಮ್ಮ ಬೆಳಿಗ್ಗೆಯಿಂದ ಒಂದು ತೊಟ್ಟು ನೀರಿಲ್ಲದೆ ಮಲಗಿದ್ದರು, ತುಟಿ ಒಣಗಿತ್ತು. ಭವ್ಯ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು. ಸುಧಾಕರ್ ಒಂದು ಸಲ ಬಾಗಿಲಲ್ಲಿ ತಲೆ ಹಾಕಿ, “ಏನು ಚೈತ್ರ?” ಅಂದರು. ಇನ್ನೂ ಇಲ್ಲ ಸಾರ್ ಅಂದೆ. “ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ, ಅಲ್ಲೂ ಜನ ಕಾಯ್ತಿದ್ದಾರೆ” ಎಂದು ಹೋದರು.

ಆಗ ಮಾದೇಶನ ಫೋನು ಹೊಡೆದುಕೊಂಡಿತು.

ಇದೊಂದನ್ನು ನಾನು ಯೋಚಿಸಿರಲಿಲ್ಲ. ಕಂಪನಿಯವರು ಅನುಮಾನ ಬಂದರೆ ರೋಗಿಯ ಜೊತೆ ನೇರವಾಗಿ ಮಾತಾಡುತ್ತಾರೆ. ವಿಮೆಗೆ ದುಡಿದು ಕಟ್ಟಿದವಳು ಭವ್ಯ. ಆದರೆ ನಮ್ಮ ಕಡೆ ಫಾರಂ ಯಾರದ್ದೇ ಆಗಲಿ, ಬರೆಸುವ ನಂಬರು ಮನೆ ಗಂಡಸಿನದ್ದು. ಅಲ್ಲದೆ ನಮ್ಮ ಜನ ಫೋನನ್ನು ಕಿವಿಗಿಟ್ಟುಕೊಂಡು ಮಾತಾಡುವುದು ಬಿಟ್ಟು ಯಾವುದೋ ಕಾಲವಾಯಿತು. ಮಾದೇಶ್ ಸ್ಪೀಕರ್ ಹಾಕಿ ಅವ್ವನ ಎದೆಯ ಮೇಲಿಟ್ಟ. ನಾನು ಓಡಿ ಬರುವಷ್ಟರಲ್ಲಿ ಹೆಸರು, ಊರು ಮುಗಿದಿತ್ತು. ಲಿಂಗಯ್ಯ ಮಂಚದ ಕಾಲ ಹತ್ತಿರ ನಿಂತಿದ್ದರು. ಪಕ್ಕದ ಮಂಚದವರೂ ಎದ್ದು ಕೂತಿದ್ದರು.

“ಹೇಗೆ ಪೆಟ್ಟಾಯ್ತು ಅಮ್ಮ?” ಎಂದು ಆ ಕಡೆಯಿಂದ ಒಬ್ಬ ಹುಡುಗಿ ಕೇಳಿದಳು. ಬೆಂಗಳೂರಿನ ಕನ್ನಡ, ಮೆಲುದನಿ.

ರಾಚಮ್ಮ ಒಮ್ಮೆ ನನ್ನ ಮುಖ ನೋಡಿದರು. ನಾನು ಏನು ಸನ್ನೆ ಮಾಡಲಿ? ಈಗ ‘ಕುಂತಿದ್ದೋಳು ಎದ್ದೆ’ ಅಂದರೆ ಕಳಿಸಿದ ಕಾಗದವೆಲ್ಲ ಸುಳ್ಳಾಗಿ ಆಪರೇಷನ್ ಹೋಯಿತು. ‘ಗಾಡಿಯಿಂದ ಬಿದ್ದೆ’ ಅಂದರೆ ಗಾಡಿ ಹೋಯಿತು. ನನಗೆ ಆ ಫೋನನ್ನು ಕಿತ್ತುಕೊಂಡು ಓಡಿಹೋಗಬೇಕು ಅನ್ನಿಸಿತು.

“ಗಾಡಿಯಿಂದ ಬಿದ್ದೆ ಕಣವ್ವ.”

ಮಾದೇಶ್ ತಿರುಗಿ ಹೆಂಡತಿಯನ್ನು ನೋಡಿದ ನೋಟಕ್ಕೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

“ಗಾಡಿ ಓಡಿಸ್ತಿದ್ದವರು ಯಾರು?”

“ನಾನು...” ಎಂದು ಭವ್ಯ ಮುಂದೆ ಬಂದಳು.

“ಪೇಷೆಂಟೇ ಹೇಳ್ಬೇಕು, ಬೇರೆಯವರು ಮಾತಾಡಬೇಡಿ.”

ರಾಚಮ್ಮ ಮೊಣಕೈ ಊರಿ ಸ್ವಲ್ಪ ಎದ್ದರು. ನೋವಿಗೆ ಮುಖ ಹಿಂಡಿತು. “ಅವ್ಳಲ್ಲ ಕಣವ್ವ. ಅವ್ಳು ನನ್ ಮಾನ ಉಳ್ಸಕ್ಕೆ ಅಂಗಂತಾವ್ಳೆ. ಗಾಡಿ ಓಡುಸ್ತಿದ್ದದ್ದು ನಾನೇ.”

“ನೀವಾ?” ಅಂದಳು ಆ ಹುಡುಗಿ. ನಾವೆಲ್ಲ ಮನಸ್ಸಿನಲ್ಲಿ ಅಂದದ್ದನ್ನು ಅವಳು ಬಾಯಿಬಿಟ್ಟು ಅಂದಿದ್ದಳು.

“ಊ, ನಾನೇಯ. ಯಾಕೆ, ಓಡುಸ್ಬಾರ್ದಾ?”

“ಹಾಗಲ್ಲಮ್ಮ. ಲೈಸೆನ್ಸ್...”

“ನಾನ್ ರಸ್ತೆಗ್ ಓಗ್ನಿಲ್ಲ. ನಮ್ ಕಣದಲ್ಲೇ ಸುತ್ತು ಒಡೀತಿದ್ದೆ. ಅವ್ಳು ಇಂದ್ಗಡೆ ಇಡ್ಕಂಡ್ ಓಡ್ತಿದ್ಲು. ನೆನ್ನೆ ಕೈ ಬುಟ್ಬುಡು, ಒಬ್ಳೇ ಓಯ್ತೀನಿ ಅಂದೆ. ಓದೆ. ಕಣ ಪೂರ್ತಿ ಸುತ್ ಬಂದೆ. ನಿಲ್ಸಕ್ ಓಗಿ ಬ್ರೇಕ್ ಇಡ್ಯೋ ಬದ್ಲು ಆಕ್ಸಿಲೇಟ್ರುನ್ನೇ ತಿರುವ್ಬುಟ್ಟೆ, ಬಣವೆಗ್ ಗುದ್ತು.”

“ಈ ಮಂಡಿ ನೋವು ಎಷ್ಟು ದಿನದಿಂದ ಇತ್ತಮ್ಮ?”

ಆ ಪ್ರಶ್ನೆ ನನ್ನದು. ಬೆಳಿಗ್ಗೆ ನಾನು ಕೇಳಿ, ಉತ್ತರವನ್ನು ವಿಚಾರಿಸದೆ ಬೆರಳಾಡಿಸಿದ್ದ ಪ್ರಶ್ನೆ. ರಾಚಮ್ಮ ಉಸಿರು ತೆಗೆದುಕೊಂಡರು.

“ನೆನ್ನೆ ಸಂಜೆಯಿಂದ ಕಣವ್ವ. ಅದುಕ್ ಮುಂಚೆ ನನ್ ಕಾಲ್ಗೆ ಏನೂ ಆಗಿರ್ನಿಲ್ಲ. ಚೆನ್ನಾಗಿತ್ತು ನನ್ ಕಾಲು.”

ಫೋನು ಇಟ್ಟ ಮೇಲೆ ಲಿಂಗಯ್ಯನವರೇ ಮೊದಲು ಬಾಯಿಬಿಟ್ಟರು. ಬೆಳಿಗ್ಗೆಯಿಂದ ಗೇಟಿಗೂ ಬಾಗಿಲಿಗೂ ಅಲೆಯುತ್ತಿದ್ದ ಮನುಷ್ಯ ಮಂಚದ ತುದಿಯಲ್ಲಿ ಕೂತುಬಿಟ್ಟಿದ್ದರು.

“ಈ ವಯಸ್ಸಲ್ಲಿ ನಿಂಗ್ಯಾಕಮ್ಮಿ ಗಾಡಿ?”

“ನಿಮ್ಮುನ್ ಕಾಯ್ದು ಕಾಯ್ದು ಸಾಕಾಗಿತ್ತು” ಅಂದರು ರಾಚಮ್ಮ. ಜಗಳದ ದನಿಯಲ್ಲ, ಆದರೆ ಮೆತ್ತಗೂ ಇರಲಿಲ್ಲ. “ಚೆಂಡೂವ ಕೊಯ್ದು ಮೂಟೆ ಕಟ್ಟಿ ಬೆಳಿಗ್ಗೆಯಿಂದ ಬದಿನಲ್ಲಿ ಕುಂತಿರ್ತೀನಿ. ನೀವ್ ಟೀ ಅಂಗ್ಡಿ ತಾವ ಕುಂತಿರ್ತೀರಿ. ಊವ ಬಾಡ್ತದೆ, ನಾನೂ ಬಾಡ್ತೀನಿ. ಈ ಕೂಸು ಡ್ಯೂಟಿ ಬುಟ್ಟು ಬಂದು ಎಷ್ಟು ದಿನ ಮಾರ್ಕೆಟ್ಟಿಗೆ ಕರ್ಕಂಡೋಯ್ತದೆ? ಕಲ್ಸವ್ವ ನಂಗೂ ಅಂದೆ. ಗೌರಿ ಅಬ್ಬದಿಂದ ಕಲುಸ್ತಾವ್ಳೆ. ನೀವ್ ಅಪ್ಪ ಮಗ ಮಾರ್ಬುಡ್ತೀನಿ, ಮಾರ್ಬುಡ್ತೀನಿ ಅಂತ ಕುಣೀತೀರ.”

ಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. ಮಾದೇಶ್ ಫೋನನ್ನು ಸುಮ್ಮನೆ ತಿರುಗಿಸುತ್ತಾ ನಿಂತಿದ್ದ. ನನಗೆ ಅಳು ಬರುವ ಹಾಗಾಗಿತ್ತು, ಅದನ್ನು ತಡೆಯಲು ಕೌಂಟರಿಗೆ ವಾಪಸು ಓಡಿದೆ. ಮೈಲ್ ತೆಗೆದೆ. ಇಲ್ಲ. ಮುಚ್ಚಿ ತೆಗೆದೆ. ಇಲ್ಲ. ಹೊರಗೆ ಸುಧಾಕರ್ ಅವರ ಡ್ರೈವರು ಕಾರು ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು. ಎದ್ದು ಹೋಗಿ ಅವನಿಗೆ ಬೈದು ಆಫ್ ಮಾಡಿಸಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ತಿರುಗಿ ಬಂದು ಕೂತು ಇನ್ನೊಂದು ಸಲ ತೆಗೆದಾಗ ಒಪ್ಪಿಗೆ ಬಂದು ಕೂತಿತ್ತು.

“ಸಾರ್, ಬಂತು!” ಎಂದು ಕೂಗಿದ್ದಕ್ಕೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸುಧಾಕರ್ ಥಿಯೇಟರಿನ ಚಪ್ಪಲಿ ಮೆಟ್ಟಿಕೊಂಡು ಚಾಮರಾಜನಗರಕ್ಕೆ ಫೋನು ಮಾಡುತ್ತಲೇ ಒಳಗೆ ಹೋದರು.

ಥಿಯೇಟರಿಗೆ ಕರೆದೊಯ್ಯುವ ಮುಂಚೆ ನರ್ಸ್ ಶಿವಲಕ್ಷ್ಮಿ ಪರದೆ ಎಳೆದು ಸೀರೆ ಬಿಚ್ಚಿಸಿ ಆಸ್ಪತ್ರೆಯ ಹಸಿರು ಗೌನು ತೊಡಿಸಬೇಕು, ಮೈಮೇಲಿನದ್ದನ್ನೆಲ್ಲ ಮನೆಯವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಅದರ ಹಾಳೆ ಹಿಡಿದು ನಾನೂ ಹೋದೆ. ರಾಚಮ್ಮ ಓಲೆ ಬಿಚ್ಚಿದರು, ಮೂಗುಬೊಟ್ಟು ಬಿಚ್ಚಿದರು, ಕಾಲುಂಗುರವನ್ನು ಭವ್ಯ ತೆಗೆದಳು. ತಾಳಿಯನ್ನು ಕಣ್ಣಿಗೊತ್ತಿಕೊಂಡು ಗಂಡನ ಕೈಗೆ ಕೊಟ್ಟರು. ಲಿಂಗಯ್ಯ ಎಲ್ಲವನ್ನೂ ಟವೆಲಿಗೆ ಹಾಕಿಕೊಂಡು ಗಂಟು ಕಟ್ಟಿದರು.

“ಇನ್ನೇನಾದ್ರೂ ಇದ್ಯಾಮ್ಮ?” ಅಂದಳು ಶಿವಲಕ್ಷ್ಮಿ.

ರಾಚಮ್ಮ ಬೆಳಿಗ್ಗೆಯಿಂದ ಮುಷ್ಟಿಯಲ್ಲಿ ಹಿಡಿದಿದ್ದ ಸೆರಗಿನ ತುದಿಯನ್ನು ಬಿಡಿಸಿದರು. ಅಲ್ಲೊಂದು ಗಂಟು. ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಸ್ಕೂಟಿಯ ಕೀ ಇತ್ತು, ಕೆಂಪು ದಾರ ಕಟ್ಟಿದ್ದು. ಮಾದೇಶ್ ತನಗೇ ಗೊತ್ತಿಲ್ಲದ ಹಾಗೆ ಕೈ ಚಾಚಿದ. ರಾಚಮ್ಮ ಅವನ ಕೈಯನ್ನು ದಾಟಿ ಸೊಸೆಯ ಅಂಗೈಗೆ ಕೀ ಇಟ್ಟು, ಬೆರಳುಗಳನ್ನು ಮಡಚಿದರು.

“ನಾನ್ ಎದ್ದು ಬರೋಗಂಟ ಇದ್ನ ಯಾರ್ಗೂ ಕೊಡ್ಬ್ಯಾಡ ಕಣಮ್ಮಿ.”

“ಇಲ್ಲ ಅತ್ತೆ” ಅಂದಳು ಭವ್ಯ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು ಅವಳಿಗೆ.

ಸ್ಟ್ರೆಚರ್ ಹೊರಟಿತು. ಬಾಗಿಲ ಹತ್ತಿರ ಲಿಂಗಯ್ಯ ಒಡವೆ ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಮಗನಿಗೆ ಹೇಳಿದರು.

“ಲೋ ಮಾದೇಶ, ಆ ಪುಟ್ಟಮಾದುಗೆ ಇಲ್ಲ ಅಂತ ಏಳ್ಬುಡು. ಸಂಜೆ ಓಗಿ ಕನ್ನಡಿ ಆಕುಸ್ಕ ಬಾ. ಇಂದೆ ಬರೋರು ಕಾಣ್ಬೇಕಲ್ಲ.”

ಸ್ಟ್ರೆಚರಿನ ಮೇಲಿನಿಂದ ರಾಚಮ್ಮ ಕತ್ತು ಎತ್ತಿದರು.

“ಎಡಗಡೇದೂ ಸಡ್ಲ ಆಗದೆ. ಎಲ್ಡೂ ಆಕ್ಸಿ.”